ಹಣ ಹೋಗಲು ಹೆದ್ದಾರಿ, ಮರಳಲು ಕಾಲುದಾರಿ

ಕರೆಂಟ್ ಬಿಲ್ ಕಟ್ಟುವ ಕೆಲಸ ಒಂದು ಕಾಲಕ್ಕೆ ಅರ್ಧ ದಿನವನ್ನೇ ನುಂಗುತ್ತಿತ್ತು. ಮೀಟರ್ ರೀಡರ್ ಕೊಟ್ಟುಹೋದ ಚೀಟಿ ಗೋಡೆಯ ಮೊಳೆಗೆ ಸಿಕ್ಕಿಕೊಂಡು ದಿನಗಟ್ಟಲೆ ತೂಗಾಡುತ್ತಿತ್ತು. ಕೊನೆಯ ದಿನಾಂಕ ಹತ್ತಿರ ಬಂದಾಗ ಮನೆಯಲ್ಲೊಬ್ಬರು ಬಿಡುವು ಮಾಡಿಕೊಂಡು ಕೌಂಟರಿನ ಮುಂದೆ ಸರತಿಯಲ್ಲಿ ನಿಲ್ಲಬೇಕಿತ್ತು, ಚಿಲ್ಲರೆ ಹೊಂದಿಸಿಕೊಳ್ಳಬೇಕಿತ್ತು, ಊಟದ ಹೊತ್ತಿಗೆ ಕೌಂಟರ್ ಮುಚ್ಚಿದರೆ ಮತ್ತೆ ಬರಬೇಕಿತ್ತು. 2005ರಲ್ಲಿ ಬೆಂಗಳೂರು ಒನ್ ಕೇಂದ್ರಗಳು ಶುರುವಾಗಿ ಕರೆಂಟು, ನೀರು, ಫೋನುಗಳ ಬಿಲ್ಲನ್ನು ಒಂದೇ ಕಡೆ ಕಟ್ಟುವಂತಾದಾಗ ಅದೇ ದೊಡ್ಡ ಸೌಕರ್ಯವೆನಿಸಿತ್ತು. ಇಂದು ಆ ಕೇಂದ್ರದವರೆಗೂ ಹೋಗಬೇಕಿಲ್ಲ. ಫೋನಿನಲ್ಲಿ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಹೀಗೆ ತಮ್ಮ ಕಂಪನಿಯನ್ನು ಆರಿಸಿ, ಗ್ರಾಹಕ ಸಂಖ್ಯೆ ಬರೆದು, ಪಿನ್ ಒತ್ತಿದರೆ ನಿಮಿಷದೊಳಗೆ ರಸೀದಿ ಬರುತ್ತದೆ. ದಾವಣಗೆರೆಯಲ್ಲಿರುವ ತಾಯಿಯ ಮನೆಯ ಬಿಲ್ಲನ್ನು ಮಗಳು ಪುಣೆಯಲ್ಲಿ ಕುಳಿತೇ ಕಟ್ಟಬಹುದು. ಇದು ಸಣ್ಣ ಬದಲಾವಣೆಯಲ್ಲ. ಕೋಟ್ಯಂತರ ಜನರ ಕೋಟ್ಯಂತರ ಗಂಟೆಗಳು ಇದರಿಂದ ಉಳಿದಿವೆ.

ಅದೇ ಫೋನಿನ ಅದೇ ಪರದೆಯಲ್ಲಿ, ಬಿಲ್ ಪಾವತಿಯ ಪಕ್ಕದಲ್ಲೇ, ‘ಹಣ ಕಳುಹಿಸಿ’ ಎಂಬ ಇನ್ನೊಂದು ಗುಂಡಿ ಇದೆ. ಒತ್ತುವ ಪಿನ್ ಒಂದೇ, ಹಣ ಹೊರಡುವ ಖಾತೆಯೂ ಒಂದೇ. ಆದರೆ ಎರಡರ ಹಿಂದಿರುವ ಕಾವಲು ಒಂದೇ ಅಲ್ಲ. ಬಿಲ್ ಕಟ್ಟುವಾಗ ಹಣ ಪಡೆಯುವವರು ಯಾರು, ಎಷ್ಟು ಬಾಕಿ, ತಪ್ಪಾದರೆ ಕೇಳಬೇಕಾದ್ದು ಯಾರನ್ನು ಎಂಬುದೆಲ್ಲ ಮೊದಲೇ ಗೊತ್ತಿರುತ್ತದೆ. ವ್ಯಕ್ತಿಯೊಬ್ಬರಿಗೆ ಹಣ ಕಳುಹಿಸುವಾಗ ಈ ಮೂರನ್ನೂ ಕಳುಹಿಸುವವರೇ ಊಹಿಸಿಕೊಳ್ಳಬೇಕು. ಊಹೆ ತಪ್ಪಿದರೆ ನಷ್ಟವನ್ನೂ ಅವರೇ ಹೊರಬೇಕು. ಹಣ ಹೋಗಲು ಹೆದ್ದಾರಿ ಕಟ್ಟಿದ ವ್ಯವಸ್ಥೆ, ಮೋಸದಿಂದ ಹೋದ ಹಣ ಮರಳಲು ಒಂದು ಕಾಲುದಾರಿಯನ್ನಷ್ಟೇ ಬಿಟ್ಟಿದೆ. ಆ ದಾರಿಯನ್ನು ಅಗಲ ಮಾಡುವ ಹೊಣೆ ಬ್ಯಾಂಕುಗಳದ್ದು, ಪಾವತಿ ಕಂಪನಿಗಳದ್ದು ಮತ್ತು ಅವುಗಳನ್ನು ನಿಯಂತ್ರಿಸುವ ರಿಸರ್ವ್ ಬ್ಯಾಂಕಿನದ್ದು. ಇಡೀ ಹೊಣೆಯನ್ನು ಗ್ರಾಹಕನ ‘ಎಚ್ಚರ’ದ ತಲೆಗೆ ಕಟ್ಟುವುದು ನ್ಯಾಯವಲ್ಲ, ಜಾಣತನವೂ ಅಲ್ಲ.

ವೇಗದ ಹತ್ತು ವರ್ಷ

ಹೆದ್ದಾರಿ ಎಷ್ಟು ದೊಡ್ಡದೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ, 2010ರಲ್ಲಿ ಐಎಂಪಿಎಸ್ ತಂದಾಗಲೇ ಒಂದು ಖಾತೆಯಿಂದ ಇನ್ನೊಂದಕ್ಕೆ ಕ್ಷಣದಲ್ಲಿ ಹಣ ಹೋಗುವಂತಾಗಿತ್ತು. 2016ರ ಏಪ್ರಿಲ್‌ನಲ್ಲಿ ಅದರ ಮೇಲೆ ಯುಪಿಐ ಬಂತು; ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೋಡ್ ಬರೆಯುವ ತಾಪತ್ರಯ ತಪ್ಪಿತು. ಅದೇ ವರ್ಷ ನವೆಂಬರ್ 8ರ ನೋಟು ರದ್ದತಿ ಜನರನ್ನು ಈ ಹಾದಿಗೆ ತಳ್ಳಿತು. 2019ರ ಡಿಸೆಂಬರ್‌ನಲ್ಲಿ ನೆಫ್ಟ್, ಮರುವರ್ಷದ ಡಿಸೆಂಬರ್‌ನಲ್ಲಿ ಆರ್‌ಟಿಜಿಎಸ್ ಹಗಲಿರುಳು ತೆರೆದವು. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಗಳಿಂದ ಶುಲ್ಕ ವಸೂಲಿ ಮಾಡುವಂತಿಲ್ಲವೆಂದಾಯಿತು. ಎಳನೀರಿನ ಗಾಡಿಗೂ ಹೂವಿನ ಬುಟ್ಟಿಗೂ ಕ್ಯೂಆರ್ ಕೋಡ್ ಅಂಟಿಕೊಂಡಿತು. ಸ್ಮಾರ್ಟ್‌ಫೋನ್ ಇಲ್ಲದವರಿಗಾಗಿ 2022ರಲ್ಲಿ ಯುಪಿಐ 123ಪೇ ಬಂತು. 2025ರ ಆಗಸ್ಟ್ ತಿಂಗಳೊಂದರಲ್ಲೇ ಯುಪಿಐ ವಹಿವಾಟುಗಳ ಸಂಖ್ಯೆ 2,000 ಕೋಟಿ ದಾಟಿತು. ಜಗತ್ತಿನ ಯಾವ ದೇಶಕ್ಕೂ ತೋರಿಸಬಹುದಾದ ಸಾರ್ವಜನಿಕ ಸಾಧನೆಯಿದು.

ಆದರೆ ವೇಗದ ಜೊತೆಗೆ ಒಂದು ಹಳೆಯ ಸೌಲಭ್ಯ ಸದ್ದಿಲ್ಲದೆ ಕಳೆದುಹೋಯಿತು. ಹಿಂದಿನ ಪ್ರತಿಯೊಂದು ಪಾವತಿ ವಿಧಾನದಲ್ಲೂ ಮನಸ್ಸು ಬದಲಿಸಲು ಒಂದಿಷ್ಟು ಬಿಡುವು ಇತ್ತು. ಚೆಕ್ ಕೊಟ್ಟವರು ಅದು ಕ್ಲಿಯರಿಂಗ್‌ಗೆ ಹೋಗುವ ಮುನ್ನ ಬ್ಯಾಂಕಿಗೆ ಬರೆದು ‘ಸ್ಟಾಪ್ ಪೇಮೆಂಟ್’ ಮಾಡಿಸಬಹುದಿತ್ತು. ಮನಿ ಆರ್ಡರ್ ವಿಳಾಸದಾರರು ಸಿಗದಿದ್ದರೆ ಕಳುಹಿಸಿದವರಿಗೇ ಮರಳುತ್ತಿತ್ತು. ಸಿಕ್ಕರೆ ಅಂಚೆಯವರು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಂಡು ಕೈಗೆ ಕೊಡುತ್ತಿದ್ದರು. ಈ ವಿಳಂಬಗಳನ್ನು ನಾವು ಹಳೆಯ ಕಾಲದ ದೋಷವೆಂದೇ ಎಣಿಸಿದ್ದೆವು. ಅವು ಕಾವಲಿನ ಕೆಲಸವನ್ನೂ ಮಾಡುತ್ತಿದ್ದವೆಂಬುದು ಅವು ಇಲ್ಲವಾದ ಮೇಲೆ ತಿಳಿಯುತ್ತಿದೆ.

ಬಿಲ್ಲಿನ ಹಾದಿಯಲ್ಲಿ ಏನಿದೆ

ವೇಗ ಮತ್ತು ಕಾವಲು ಒಟ್ಟಿಗೆ ಇರಲಾರವು ಎಂದು ಯಾರಾದರೂ ಹೇಳಿದರೆ ಅವರಿಗೆ ಬಿಲ್ ಪಾವತಿಯನ್ನೇ ತೋರಿಸಬೇಕು. ಇದರ ಹಿಂದಿರುವುದು ಭಾರತ್ ಬಿಲ್ ಪೇಮೆಂಟ್ ವ್ಯವಸ್ಥೆ. ಈಗ ಭಾರತ್ ಕನೆಕ್ಟ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಇಲ್ಲಿ ಬಿಲ್ ಪಡೆಯುವ ಸಂಸ್ಥೆ ಮೊದಲೇ ನೋಂದಣಿಯಾಗಿರಬೇಕು. ಗ್ರಾಹಕರು ತಮ್ಮ ಸಂಖ್ಯೆಯನ್ನು ಕೊಟ್ಟರೆ ಹೆಸರು, ಬಾಕಿ ಮೊತ್ತ, ಕೊನೆಯ ದಿನಾಂಕ ಸಂಸ್ಥೆಯ ಕಂಪ್ಯೂಟರಿನಿಂದಲೇ ಪರದೆಗೆ ಬರುತ್ತವೆ. ಒಂದಂಕಿ ತಪ್ಪಿದರೆ ಬೇರೆಯವರ ಹೆಸರು ಕಾಣಿಸಿ ಅಲ್ಲೇ ಎಚ್ಚರವಾಗುತ್ತದೆ. ಹಣ ಕಟ್ಟಿದ ಮೇಲೆ ವಹಿವಾಟಿನ ಸಂಖ್ಯೆಯಿರುವ ರಸೀದಿ, ತಕರಾರಿದ್ದರೆ ಅದೇ ಆ್ಯಪ್‌ನಲ್ಲಿ ದೂರು ಕೊಡುವ ದಾರಿ. ಇಷ್ಟೆಲ್ಲ ಇದ್ದೂ ಬಿಲ್ ಕಟ್ಟಲು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಕಾವಲನ್ನು ವ್ಯವಸ್ಥೆಯೊಳಗೇ ಕಟ್ಟಿದರೆ ಅದು ಯಾರ ಕಾಲಿಗೂ ತೊಡರುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ವಂಚಕರಿಗೂ ಈ ವ್ಯತ್ಯಾಸ ಗೊತ್ತು. ‘ಹಿಂದಿನ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ಇಂದು ರಾತ್ರಿ ನಿಮ್ಮ ಕರೆಂಟ್ ಕಟ್ ಆಗುತ್ತದೆ, ಈ ಅಧಿಕಾರಿಯ ನಂಬರಿಗೆ ಫೋನ್ ಮಾಡಿ’ ಎಂಬ ಸಂದೇಶ ರಾಜ್ಯದ ಎಷ್ಟೋ ಫೋನುಗಳಿಗೆ ಬಂದಿದೆ. ಹೆಸರು ಬಿಲ್ಲಿನದು, ಹಣ ಹೋಗುವುದು ಮಾತ್ರ ಬಿಲ್ಲಿನ ಹಾದಿಯಲ್ಲಲ್ಲ. ಗಾಬರಿಯಾದವರನ್ನು ಕಾವಲಿರುವ ಹಾದಿಯಿಂದ ಕಾವಲಿಲ್ಲದ ಹಾದಿಗೆ ಕರೆತರುವುದೇ ಇಡೀ ಮೋಸದ ಗುಟ್ಟು. ಒಮ್ಮೆ ಪಿನ್ ಒತ್ತಿದರೆ ಹಣ ಬಾಡಿಗೆ ಖಾತೆಯೊಂದಕ್ಕೆ ಹೋಗುತ್ತದೆ. ಕೆಲವು ಸಾವಿರ ರೂಪಾಯಿಯ ಆಸೆಗೆ ತಮ್ಮ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ಮನ್ನು ಬೇರೆಯವರಿಗೆ ಒಪ್ಪಿಸಿದವರ ಖಾತೆ ಅದು. ಅಲ್ಲಿಂದ ನಿಮಿಷಗಳಲ್ಲಿ ಎರಡು, ನಾಲ್ಕು, ಎಂಟು ಖಾತೆಗಳಿಗೆ ಚೂರಾಗಿ ಹರಿದು, ಯಾವುದೋ ಊರಿನ ಎಟಿಎಂನಲ್ಲಿ ನಗದಾಗಿ ಹೊರಬೀಳುತ್ತದೆ. ಹಣ ಕಳೆದುಕೊಂಡವರು ತಾವು ಮೋಸಹೋದೆವೆಂದು ಅರಿಯುವಷ್ಟರಲ್ಲಿ ಅದರ ಜಾಡು ರಾಜ್ಯದ ಗಡಿ ದಾಟಿರುತ್ತದೆ.

ಈ ಗಾಯದ ಆಳವನ್ನು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಸೈಬರ್ ವಂಚನೆಗಳಿಂದ ದೇಶದ ಜನ 2023ರಲ್ಲಿ ಕಳೆದುಕೊಂಡದ್ದು ₹7,465 ಕೋಟಿ. 2024ರಲ್ಲಿ ಅದು ₹22,845 ಕೋಟಿ. ಒಂದೇ ವರ್ಷದಲ್ಲಿ ಮೂರು ಪಟ್ಟು. ಇದರಲ್ಲಿ ನಕಲಿ ಷೇರು ಹೂಡಿಕೆ, ಪೊಲೀಸರ ಸೋಗಿನಲ್ಲಿ ಫೋನಿನಲ್ಲೇ ಬಂಧನದ ಬೆದರಿಕೆ ಹಾಕುವ ‘ಡಿಜಿಟಲ್ ಅರೆಸ್ಟ್’ ಮೊದಲಾದ ಎಲ್ಲ ಬಗೆಯ ಮೋಸವೂ ಸೇರಿದೆ ನಿಜ. ಆದರೆ ಬಗೆ ಯಾವುದೇ ಇರಲಿ, ಕೊನೆಗೆ ಹಣ ಹರಿದದ್ದು ಬಹುಪಾಲು ಬ್ಯಾಂಕ್ ಖಾತೆಗಳ ಮೂಲಕವೇ. ಇನ್ನೊಂದು ಬದಿಯಲ್ಲಿ, ಸಹಾಯವಾಣಿ 1930ರ ಹಿಂದಿರುವ ದೂರು ವ್ಯವಸ್ಥೆ 2021ರಲ್ಲಿ ಶುರುವಾದಾಗಿನಿಂದ 2025ರ ಮಧ್ಯದವರೆಗೆ ವಂಚಕರ ಪಾಲಾಗದಂತೆ ತಡೆದ ಮೊತ್ತ ಸುಮಾರು ₹5,489 ಕೋಟಿ. ಅಂದರೆ ನಾಲ್ಕು ವರ್ಷ ಸೇರಿಸಿ ಉಳಿಸಿದ್ದು, ಒಂದೇ ವರ್ಷ ಕಳೆದದ್ದರ ಕಾಲು ಭಾಗವೂ ಆಗುವುದಿಲ್ಲ. ಆ ಸಹಾಯವಾಣಿ ಮಾಡುತ್ತಿರುವ ಕೆಲಸ ದೊಡ್ಡದು. ಆದರೆ ಹೆದ್ದಾರಿಯಲ್ಲಿ ಹೋದದ್ದನ್ನು ಕಾಲುದಾರಿಯಲ್ಲಿ ಅಟ್ಟಿಸಿಕೊಂಡು ಹೋಗಿ ಹಿಡಿಯಲಾಗದು.

ಒಪ್ಪಿಗೆ ಎಂದರೇನು?

ಗ್ರಾಹಕರನ್ನು ಕಾಯುವ ನಿಯಮವೇ ಇಲ್ಲವೆಂದಲ್ಲ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಒಂದು ಒಳ್ಳೆಯ ದಾಖಲೆ. ಬ್ಯಾಂಕಿನ ತಪ್ಪಿನಿಂದ ಹಣ ಹೋದರೆ ಗ್ರಾಹಕರ ಹೊಣೆ ಶೂನ್ಯ. ಬ್ಯಾಂಕಿನದೂ ಗ್ರಾಹಕರದೂ ಅಲ್ಲದ ಮೂರನೆಯವರ ಕೈವಾಡವಿದ್ದು, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಆಗಲೂ ಶೂನ್ಯ. ನಾಲ್ಕರಿಂದ ಏಳು ದಿನ ತಡವಾದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆಗೆ ₹10,000ದ ಮಿತಿ. ಗ್ರಾಹಕರದೇ ತಪ್ಪೆಂದು ಸಾಬೀತು ಮಾಡುವ ಭಾರವೂ ಬ್ಯಾಂಕಿನ ಮೇಲಿದೆ. ಆದರೆ ಇದೆಲ್ಲ ‘ಅನಧಿಕೃತ’ ವಹಿವಾಟಿಗೆ, ಅಂದರೆ ಗ್ರಾಹಕರಿಗೆ ತಿಳಿಯದಂತೆ ಹಣ ಹೋದಾಗ. ಗ್ರಾಹಕರೇ ಪಿನ್ ಒತ್ತಿದ್ದರೆ ಅದು ‘ಅಧಿಕೃತ’. ಒತ್ತಿಸಿದ್ದು ಪೊಲೀಸ್ ವೇಷದ ವಂಚಕನೇ ಆಗಿದ್ದರೂ ಬ್ಯಾಂಕ್ ಕೈ ಒದರಿಕೊಳ್ಳುತ್ತದೆ. ಕಳ್ಳ ಕಿಟಕಿ ಮುರಿದು ಬಂದರೆ ಪರಿಹಾರವುಂಟು, ಬಾಗಿಲು ತಟ್ಟಿ ಸುಳ್ಳು ಹೇಳಿ ಒಳಬಂದರೆ ಇಲ್ಲ ಎಂಬಂತಾಗಿದೆ ಪರಿಸ್ಥಿತಿ. ಈಗಿನ ಕಳ್ಳರು ಬಾಗಿಲನ್ನೇ ತಟ್ಟುತ್ತಿದ್ದಾರೆ.

ನಮ್ಮ ಕಾನೂನಿಗೆ ಈ ತರ್ಕ ಹೊಸದಾಗಿ ಹೇಳಿಕೊಡಬೇಕಾದ್ದೇನಲ್ಲ. 1872ರ ಭಾರತೀಯ ಕರಾರು ಕಾಯಿದೆಯೇ ಮೋಸದಿಂದ ಪಡೆದ ಒಪ್ಪಿಗೆಯನ್ನು ಮುಕ್ತ ಒಪ್ಪಿಗೆಯೆಂದು ಎಣಿಸುವುದಿಲ್ಲ. ಅಂಥ ಕರಾರನ್ನು ಮೋಸಹೋದವರು ರದ್ದುಪಡಿಸಬಹುದು. ಒಂದೂವರೆ ಶತಮಾನದ ಹಿಂದೆ ಕಾಗದದ ಮೇಲಿನ ಸಹಿಗೆ ಅನ್ವಯಿಸಿದ ವಿವೇಕ ಇಂದಿನ ಆರಂಕಿಯ ಪಿನ್‌ಗೂ ಅನ್ವಯಿಸಬೇಕು. ಬ್ರಿಟನ್ ಈ ಹೆಜ್ಜೆ ಇಟ್ಟಾಗಿದೆ. 2024ರ ಅಕ್ಟೋಬರ್ 7ರಿಂದ ಅಲ್ಲಿ ಗ್ರಾಹಕರು ವಂಚಕರ ಮಾತು ನಂಬಿ ತಾವೇ ಹಣ ಕಳುಹಿಸಿದ್ದರೂ 85,000 ಪೌಂಡ್‌ವರೆಗೆ ಬ್ಯಾಂಕುಗಳು ಮರಳಿಸಬೇಕು. ಆ ಮೊತ್ತವನ್ನು ಹಣ ಕಳುಹಿಸಿದ ಬ್ಯಾಂಕ್ ಮತ್ತು ಹಣ ಪಡೆದ ಬ್ಯಾಂಕ್ ಅರ್ಧರ್ಧ ಹಂಚಿಕೊಳ್ಳಬೇಕು. ಆ ಎರಡನೆಯ ಅರ್ಧದಲ್ಲೇ ನಿಯಮದ ಜೀವವಿದೆ. ಬಾಡಿಗೆ ಖಾತೆ ತೆರೆದುಕೊಟ್ಟ ಬ್ಯಾಂಕಿಗೂ ನಷ್ಟ ತಟ್ಟಿದರೆ, ಖಾತೆ ತೆರೆಯುವಾಗ ಎದುರಿಗಿರುವವರು ಯಾರೆಂದು ಅದು ಎರಡು ಸಲ ನೋಡುತ್ತದೆ.

ಆಕ್ಷೇಪಗಳಿಗೆ ಉತ್ತರ

ಮೊದಲ ಆಕ್ಷೇಪ ಗಂಭೀರವಾದದ್ದೇ: ಬ್ಯಾಂಕ್ ಹಣ ಕೊಡುತ್ತದೆಂದಾದರೆ ಜನ ಎಚ್ಚರ ತಪ್ಪುವುದಿಲ್ಲವೇ? ಸುಳ್ಳು ದೂರುಗಳು ಬರುವುದಿಲ್ಲವೇ? ಬರಬಹುದು. ಅದಕ್ಕಾಗಿಯೇ ಬ್ರಿಟನ್ನಿನ ನಿಯಮ ತೀವ್ರ ನಿರ್ಲಕ್ಷ್ಯ ತೋರಿದವರನ್ನು ಹೊರಗಿಟ್ಟಿದೆ. ನಷ್ಟದ ಮೊದಲ 100 ಪೌಂಡನ್ನು ಗ್ರಾಹಕರೇ ಹೊರುವಂತೆ ಬ್ಯಾಂಕ್ ಹೇಳಬಹುದು. ಅಸಹಾಯಕ ಸ್ಥಿತಿಯಲ್ಲಿರುವ ಗ್ರಾಹಕರಿಗೆ ಮಾತ್ರ ಈ ಎರಡರಿಂದಲೂ ವಿನಾಯಿತಿ. ನಮ್ಮಲ್ಲೂ ಒಂದು ಸಣ್ಣ ಪಾಲನ್ನು ಗ್ರಾಹಕರಿಗೆ ಬಿಡಬಹುದು, ಒಂದು ಗರಿಷ್ಠ ಮಿತಿಯಿಂದ ಆರಂಭಿಸಬಹುದು. ಇನ್ನೊಂದು ಮಾತು: ಈ ಆಕ್ಷೇಪ ಮೋಸಹೋದವರನ್ನು ಉಡಾಫೆಯವರೆಂದು ಮೊದಲೇ ತೀರ್ಮಾನಿಸಿಬಿಡುತ್ತದೆ. ಡಿಜಿಟಲ್ ಅರೆಸ್ಟ್‌ಗೆ ಸಿಕ್ಕಿಬಿದ್ದವರಲ್ಲಿ ನಿವೃತ್ತ ಅಧಿಕಾರಿಗಳು, ವೈದ್ಯರು, ಸಾಫ್ಟ್‌ವೇರ್ ಎಂಜಿನಿಯರ್‌ಗಳು ಇದ್ದಾರೆ. ಹೆದರಿಕೆ ಹುಟ್ಟಿಸುವುದನ್ನೇ ಕಸುಬು ಮಾಡಿಕೊಂಡ ತಂಡವೊಂದು ಗಂಟೆಗಟ್ಟಲೆ ಒಬ್ಬರ ಬೆನ್ನು ಬಿದ್ದಾಗ ಸೋಲುವುದು ಮನುಷ್ಯ ಸಹಜ. ಆ ಹೊತ್ತಿನಲ್ಲಿ ಎಚ್ಚರ ತಪ್ಪದೆ ಇರಬಲ್ಲದ್ದು ಬ್ಯಾಂಕಿನ ಯಂತ್ರ ಮಾತ್ರ. ಇಷ್ಟು ವರ್ಷ ತಿಂಗಳ ಪಿಂಚಣಿಯಿಂದ ಔಷಧಿ, ದಿನಸಿ ಬಿಟ್ಟು ಬೇರೇನೂ ಖರ್ಚಾಗದ ಖಾತೆಯಿಂದ ಒಂದು ಮಧ್ಯಾಹ್ನ ಅಪರಿಚಿತ ಖಾತೆಗೆ ಎಂಟು ಲಕ್ಷ ಹೊರಟಿತೆಂದರೆ, ಅದು ಅಸಹಜವೆಂದು ಕಾಣಲು ಬೇಕಾದ ದಾಖಲೆಯೆಲ್ಲ ಬ್ಯಾಂಕಿನ ಬಳಿಯೇ ಇದೆ.

ಎರಡನೆಯ ಆಕ್ಷೇಪ ವೇಗದ್ದು. ಹಣ ತಡೆಹಿಡಿದರೆ ಆಸ್ಪತ್ರೆಯಲ್ಲಿರುವವರ ಗತಿಯೇನು, ವ್ಯಾಪಾರದ ಗತಿಯೇನು? ಎಲ್ಲ ಪಾವತಿಯನ್ನೂ ತಡೆಯಬೇಕೆಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಅಂಗಡಿ, ಆಸ್ಪತ್ರೆ, ಬಿಲ್ಲು, ಮೊದಲೇ ಹಣ ಕಳುಹಿಸಿರುವ ಬಂಧುಗಳು ಯಾವುದಕ್ಕೂ ತಡೆ ಬೇಕಿಲ್ಲ. ಹಿಂದೆಂದೂ ವ್ಯವಹರಿಸದ ವ್ಯಕ್ತಿಯ ಖಾತೆಗೆ, ಒಂದು ಮಿತಿಗಿಂತ ದೊಡ್ಡ ಮೊತ್ತ ಮೊದಲ ಸಲ ಹೋಗುವಾಗ ಮಾತ್ರ ಕೆಲವು ಗಂಟೆಗಳ ಬಿಡುವು, ಅಷ್ಟರೊಳಗೆ ರದ್ದು ಮಾಡುವ ಹಕ್ಕು. ಇಂಥ ಪ್ರಸ್ತಾಪ 2023ರ ಕೊನೆಯಲ್ಲಿ ಚರ್ಚೆಗೆ ಬಂದಿತ್ತು, ಆಗ ಜಾರಿಗೆ ಬರಲಿಲ್ಲ. ಆದರೆ ನೆಟ್ ಬ್ಯಾಂಕಿಂಗ್‌ನಲ್ಲಿ ಹೊಸ ಹೆಸರು ಸೇರಿಸಿದಾಗ ಕೆಲಕಾಲ ದೊಡ್ಡ ಮೊತ್ತ ಕಳುಹಿಸಲು ಬಿಡದ ಪದ್ಧತಿ ಅನೇಕ ಬ್ಯಾಂಕುಗಳಲ್ಲಿ ಮೊದಲಿನಿಂದ ಇದೆ. ಅದರಿಂದ ವ್ಯಾಪಾರವೇನೂ ನಿಂತಿಲ್ಲ. ಹಿರಿಯರಿಗೆ ಇನ್ನೂ ಒಂದು ಆಯ್ಕೆ ಕೊಡಬಹುದು: ದೊಡ್ಡ ಮೊತ್ತಕ್ಕೆ ಮಗನದೋ ಮಗಳದೋ ಎರಡನೆಯ ಒಪ್ಪಿಗೆ. ಒಬ್ಬರು ಕೇಳಿದ ಪಾವತಿಗೆ ಇನ್ನೊಬ್ಬರು ಒಪ್ಪಿಗೆ ಕೊಡುವ ಯುಪಿಐ ಸರ್ಕಲ್ ಸೌಲಭ್ಯ 2024ರಲ್ಲೇ ಬಂದಿರುವುದರಿಂದ, ತಂತ್ರಜ್ಞಾನ ಇಲ್ಲವೆಂಬ ನೆಪಕ್ಕೂ ಜಾಗವಿಲ್ಲ.

ಮೂರನೆಯದು ದುಡ್ಡಿನ ಪ್ರಶ್ನೆ. ಯುಪಿಐಗೆ ಶುಲ್ಕವೇ ಇಲ್ಲದಿರುವಾಗ ಪರಿಹಾರದ ಹಣ ಎಲ್ಲಿಂದ ತರುವುದು ಎಂದು ಬ್ಯಾಂಕುಗಳು ಕೇಳುತ್ತವೆ. ಸಣ್ಣ ವ್ಯಾಪಾರಿಗಳ ಯುಪಿಐ ವಹಿವಾಟಿಗೆ ಪ್ರೋತ್ಸಾಹಧನವೆಂದು ಕೇಂದ್ರ ಸಂಪುಟ 2024-25ಕ್ಕೆ ಮಂಜೂರು ಮಾಡಿದ್ದು ₹1,500 ಕೋಟಿ. ಅದು ಸಾಲದೆಂಬ ಬ್ಯಾಂಕುಗಳ ದೂರಿನಲ್ಲಿ ಹುರುಳಿದೆ. ಆದರೆ ‘ಉಚಿತ’ವೆಂಬುದು ಬರೀ ಮಾತು. ರಕ್ಷಣೆಗೆ ಖರ್ಚು ಮಾಡದೆ ಉಳಿಸಿದ ಹಣದ ಬೆಲೆಯನ್ನು ಈಗ ತೆರುತ್ತಿರುವುದು ವಂಚನೆಗೊಳಗಾದ ಕುಟುಂಬಗಳು. ಒಂದು ಮನೆಯ ಜೀವಮಾನದ ಉಳಿತಾಯ ಹೋಗುವ ಬದಲು, ಅದೇ ನಷ್ಟ ಎಲ್ಲ ಬ್ಯಾಂಕುಗಳ ನಡುವೆ ಹಂಚಿಹೋದರೆ ಯಾರಿಗೂ ಹೊರಲಾಗದ ಭಾರವಾಗುವುದಿಲ್ಲ. ದೊಡ್ಡ ವ್ಯಾಪಾರಿಗಳಿಂದ ಅಲ್ಪ ಶುಲ್ಕ ಪಡೆಯುವುದೋ, ಸರ್ಕಾರದ ಪ್ರೋತ್ಸಾಹಧನದಲ್ಲೊಂದು ಪಾಲನ್ನು ರಕ್ಷಣಾ ನಿಧಿಗೆ ಎತ್ತಿಡುವುದೋ ಚರ್ಚೆಯಾಗಲಿ. ಏನೂ ಮಾಡದಿರುವುದಕ್ಕೆ ದುಡ್ಡಿಲ್ಲವೆಂಬುದು ಕಾರಣವಾಗಬಾರದು.

ಜಾಗೃತಿಯೇ ಮದ್ದು ಎನ್ನುವವರು ನಾಲ್ಕನೆಯವರು. ಪ್ರಧಾನಿಯವರೇ 2024ರ ಅಕ್ಟೋಬರ್‌ನ ‘ಮನ್ ಕಿ ಬಾತ್’ನಲ್ಲಿ ಡಿಜಿಟಲ್ ಅರೆಸ್ಟ್ ಕುರಿತು ಎಚ್ಚರಿಸಿದರು; ಫೋನ್ ಮಾಡಿದಾಗಲೆಲ್ಲ ಎಚ್ಚರಿಕೆಯ ದನಿ ಕೇಳಿಸಿತು. ಇವೆಲ್ಲ ಬೇಕು. ಆದರೆ ಬೋಧನೆಗಿಂತ ವಿನ್ಯಾಸ ಹೆಚ್ಚು ಕೆಲಸ ಮಾಡುತ್ತದೆಂಬುದಕ್ಕೆ ಎನ್‌ಪಿಸಿಐ ಕೈಗೊಂಡ ಕ್ರಮಗಳೇ ಉದಾಹರಣೆ. ‘ನಿಮಗೆ ಹಣ ಬರುತ್ತದೆ, ಪಿನ್ ಒತ್ತಿ’ ಎಂದು ನಂಬಿಸಿ, ಹಣ ಕೇಳುವ ವಿನಂತಿ ಕಳುಹಿಸಿ ದೋಚುವ ತಂತ್ರ ವರ್ಷಗಟ್ಟಲೆ ನಡೆಯಿತು. ಹಣ ಪಡೆಯಲು ಪಿನ್ ಬೇಕಿಲ್ಲವೆಂದು ಎಷ್ಟು ಸಾರಿದರೂ ಜನ ಬೀಳುತ್ತಲೇ ಇದ್ದರು. 2025ರ ಅಕ್ಟೋಬರ್‌ನಿಂದ ವ್ಯಕ್ತಿಗಳ ನಡುವಿನ ಅಂಥ ವಿನಂತಿಯನ್ನೇ ನಿಲ್ಲಿಸಲಾಯಿತು; ಆ ಬಾಗಿಲೇ ಮುಚ್ಚಿತು. ಹಾಗೆಯೇ 2025ರ ಜೂನ್ ಕೊನೆಯಿಂದ ಪಾವತಿಗೆ ಮುನ್ನ ಬ್ಯಾಂಕಿನಲ್ಲಿ ದಾಖಲಾದ ಹೆಸರೇ ಕಾಣಿಸಬೇಕೆಂಬ ನಿಯಮ ಬಂತು. ಬಿಲ್ಲಿನ ಹಾದಿಯ ಗುಣ ಒಂದೊಂದಾಗಿ ಹಣದ ಹಾದಿಗೂ ಬರುತ್ತಿದೆ ಎಂಬುದು ಸಮಾಧಾನದ ವಿಷಯ. ಆ ಕೆಲಸ ಅರ್ಧಕ್ಕೆ ನಿಲ್ಲಬಾರದು. ಇದರ ಜೊತೆಗೆ, ಖಾತೆಯಿಂದ ಹಣ ಹೋದ ಸುದ್ದಿ ಹೊತ್ತ ಎಸ್‌ಎಂಎಸ್ ಬಹುಪಾಲು ಇಂಗ್ಲಿಷಿನಲ್ಲೇ ಬರುವುದು ತಪ್ಪಬೇಕು. ಗೃಹಲಕ್ಷ್ಮಿಯ ₹2,000 ಜಮೆಯಾಗುವ ಖಾತೆಯ ಒಡತಿಗೆ ಎಚ್ಚರಿಕೆ ಕನ್ನಡದಲ್ಲಿ ಸಿಗದಿದ್ದರೆ ಅದು ಎಚ್ಚರಿಕೆಯೇ ಅಲ್ಲ.

ನಂಬಿಕೆಯೆಂಬ ಬಂಡವಾಳ

ಇಷ್ಟೆಲ್ಲ ಏಕೆ ತುರ್ತಿನದು ಎಂದರೆ, ನಂಬಿಕೆ ಹುಟ್ಟಲು ವರ್ಷಗಳು ಬೇಕು, ಅಳಿಯಲು ವಾರ ಸಾಕು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕಗಳು ಕೆಲವೇ ದಿನಗಳಲ್ಲಿ ಕಾಣಿಸಿಕೊಂಡವು. ಸರ್ಕಾರ ಮಾತುಕತೆ ನಡೆಸಿ ಸಮಾಧಾನ ಹೇಳಬೇಕಾಯಿತು. ಅದು ತೆರಿಗೆಯ ಭಯ. ವಂಚನೆಯ ಭಯವೂ ಇದೇ ರೀತಿ ಕೆಲಸ ಮಾಡುತ್ತದೆ. ಕದ್ದ ಹಣದ ಒಂದು ಚೂರು ತನ್ನ ಕ್ಯೂಆರ್ ಕೋಡ್ ಮೂಲಕ ಬಂದ ಕಾರಣಕ್ಕೆ, ಎಲ್ಲೋ ದೂರದ ರಾಜ್ಯದ ದೂರಿನ ಮೇಲೆ ಪ್ರಾಮಾಣಿಕ ಅಂಗಡಿಯವನ ಇಡೀ ಖಾತೆ ಸ್ಥಗಿತವಾದ ಪ್ರಕರಣಗಳೂ ನಡೆದಿವೆ. ತಡೆಯಬೇಕಾದ್ದನ್ನು ಹೊರಡುವ ಮುನ್ನ ತಡೆಯದಿದ್ದರೆ, ಹೊರಟ ಮೇಲೆ ಬೀಸುವ ಬಲೆಗೆ ಅಮಾಯಕರೂ ಸಿಕ್ಕಿಬೀಳುತ್ತಾರೆ.

ನಂಬಿಕೆಯ ಮೇಲೆ ಬ್ಯಾಂಕ್ ಕಟ್ಟುವುದು ಹೇಗೆಂದು ಈ ನಾಡು ದೇಶಕ್ಕೇ ತೋರಿಸಿದೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರುಮಾಡಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆರಡು ಆಣೆ ಕೊಡುವವರ ಮನೆ ಬಾಗಿಲಿಗೂ ಏಜೆಂಟರು ಬರುತ್ತಿದ್ದರು, ಕೊಟ್ಟದ್ದನ್ನು ಎದುರಿಗೇ ಬರೆದುಕೊಡುತ್ತಿದ್ದರು. ತಕರಾರಿದ್ದರೆ ಕೇಳಲು ಒಂದು ಮುಖವಿತ್ತು, ಹೋಗಲು ಒಂದು ಶಾಖೆಯಿತ್ತು. ಆ ಕಾಲ ಮರಳಿ ಬಾರದು, ಬರಬೇಕಾದ್ದೂ ಇಲ್ಲ. ಇಂದು ಯುಪಿಐನಲ್ಲಿ ಅತಿ ಹೆಚ್ಚು ಪಾಲಿರುವ ಫೋನ್‌ಪೇಯ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. ಬಾಡಿಗೆ ಖಾತೆಗಳನ್ನು ಪತ್ತೆಹಚ್ಚುವ ‘ಮ್ಯೂಲ್‌ಹಂಟರ್’ ತಂತ್ರಾಂಶ ರೂಪಿಸಿದ ರಿಸರ್ವ್ ಬ್ಯಾಂಕ್ ಇನ್ನೊವೇಷನ್ ಹಬ್ ಕೂಡ ಇಲ್ಲಿಯದೇ. ಮುಖವಿಲ್ಲದ ವ್ಯವಸ್ಥೆಗೆ ಹೊಣೆಯನ್ನಾದರೂ ಕೊಡುವ ಬುದ್ಧಿ, ಬಲ ಎರಡೂ ಈ ಊರಿನಲ್ಲೇ ಇವೆ.

ಆ ಹೊಣೆ ನಿಗದಿಯಾಗುವವರೆಗೆ ಪ್ರತಿಯೊಬ್ಬರೂ ಮಾಡಬೇಕಾದ್ದು ಇದೆ. ಮೋಸವಾದದ್ದು ತಿಳಿದ ಕ್ಷಣ ನಾಚಿಕೆ ಬಿಟ್ಟು 1930ಕ್ಕೆ, ಜೊತೆಗೆ ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆ ಪಡೆಯಬೇಕು. ಮೊದಲ ಗಂಟೆ ಕಳೆದಷ್ಟೂ ಹಣ ದೂರವಾಗುತ್ತದೆ. ಬಿಲ್ಲಿನ ಹೆಸರಿನಲ್ಲಿ ಯಾರೇ ಕರೆ ಮಾಡಿದರೂ ಮಾತು ನಿಲ್ಲಿಸಿ, ಆ್ಯಪ್‌ನ ಬಿಲ್ ಪಾವತಿಯಲ್ಲೇ ಗ್ರಾಹಕ ಸಂಖ್ಯೆ ಹಾಕಿ ನೋಡಬೇಕು. ಬಾಕಿಯಿದ್ದರೆ ಅದು ಅಲ್ಲೇ ಕಾಣುತ್ತದೆ. ಬ್ಯಾಂಕ್ 30 ದಿನಗಳಲ್ಲಿ ಸ್ಪಂದಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬೇಕು. ಇದು ನಮ್ಮ ಪಾಲಿನ ಕೆಲಸ. ಉಳಿದ ಪಾಲು ದಾರಿ ಕಟ್ಟಿದವರದ್ದು. ನೂರಿನ್ನೂರು ರೂಪಾಯಿಯ ಕರೆಂಟ್ ಬಿಲ್ ಕಟ್ಟುವಾಗ ಮನೆಯ ಹಿರಿಯರಿಗೆ ಇರುವ ನಿಶ್ಚಿಂತೆ, ಅದೇ ಬೆರಳು ಪಕ್ಕದ ಗುಂಡಿ ಒತ್ತಿ ಎರಡು ಲಕ್ಷ ಕಳುಹಿಸುವಾಗಲೂ ಇರಬೇಕು. ಅಲ್ಲಿಯತನಕ ಹೆದ್ದಾರಿಯ ಕೆಲಸ ಮುಗಿಯಿತೆಂದು ಯಾರೂ ಹೇಳಬಾರದು.